ಎಫ್‌ಎಂಇಎ ಪಟ್ಟಿಯಲ್ಲಿ ವೈಂಡರ್ ಬ್ರೇಕ್ ತಳಕ್ಕೆ ಹೋಯಿತು, ಇದು ಸರಿನಾ?

ಹೊಸಇಂಜಿನಿಯರ್:
ಭೂಗತ ಗಣಿಯ ಸಾಗಣೆ ವ್ಯವಸ್ಥೆಗೆ ಎಫ್‌ಎಂಇಎ (ಯಾವ ಭಾಗ ಹೇಗೆ ಕೆಡಬಹುದು, ಕೆಟ್ಟರೆ ಏನಾಗುತ್ತದೆ ಅಂತ ಪಟ್ಟಿ ಮಾಡುವ ವಿಧಾನ) ಮಾಡುತ್ತಿದ್ದೇನೆ. ಬೆಲ್ಟ್ ಕನ್ವೇಯರ್, ಲೋಕೋ (ರೈಲು ಎಂಜಿನ್), ಶಾಫ್ಟ್‌ನ (ಗಣಿಗೆ ಇಳಿಯುವ ಬಾವಿಯ) ವೈಂಡರ್, ಅಂದರೆ ಹಗ್ಗ ಸುತ್ತಿ ಬಿಚ್ಚಿ ಜನರ ಕೇಜನ್ನು ಏರಿಸಿ ಇಳಿಸುವ ಯಂತ್ರ, ಎಲ್ಲವೂ ಒಂದೇ ಹಾಳೆಯಲ್ಲಿವೆ. ತೀವ್ರತೆ ಎಷ್ಟು, ಎಷ್ಟು ಸಲ ಆಗುತ್ತದೆ, ಮೊದಲೇ ಪತ್ತೆಯಾಗುತ್ತದಾ ಅಂತ ಮೂರಕ್ಕೂ 1ರಿಂದ 10ರವರೆಗೆ ಅಂಕ ಕೊಟ್ಟು ಗುಣಿಸಿದೆ (ಪತ್ತೆ ಕಷ್ಟವಾದಷ್ಟೂ ಅದರ ಅಂಕ ಹೆಚ್ಚು). ಬೆಲ್ಟ್ ಪಕ್ಕಕ್ಕೆ ಸರಿಯುವುದಕ್ಕೆ 5×8×4, ಅಂದರೆ 160. ವೈಂಡರ್ ಬ್ರೇಕ್ ರಾಡ್ ಮುರಿಯುವುದಕ್ಕೆ 10×1×3, ಬರೀ 30! ಜನ ತುಂಬಿದ ಕೇಜ್ ಅದನ್ನೇ ನಂಬಿ ನಿಂತಿರುತ್ತದೆ ಅಲ್ವಾ? ಅಂಕ ತಪ್ಪಾ, ವಿಧಾನವೇ ತಪ್ಪಾ?

ಹಳೇವೈಂಡರ್:
ಪತ್ತೆಗೆ 3 ಯಾಕೆ ಕೊಟ್ಟಿರಿ? 1973ರಲ್ಲಿ ಇಂಗ್ಲೆಂಡಿನ ಮಾರ್ಕಮ್ ಗಣಿಯಲ್ಲಿ ಇಂಥದ್ದೇ ಒಂದು ಬ್ರೇಕ್ ರಾಡ್ ಮುರಿಯಿತು. ಲೋಹ ದಣಿದು ಬಿರುಕು ಬೆಳೆದಿತ್ತು. ಕೇಜ್ ಶಾಫ್ಟ್‌ನ ತಳಕ್ಕೆ ಅಪ್ಪಳಿಸಿ 18 ಜನ ಸತ್ತರು. ಯಂತ್ರದ ಒಳಗಿರುವ ರಾಡನ್ನು ಟಾರ್ಚ್ ಹಾಕಿ ನೋಡಿದರೆ ಬಿರುಕು ಕಾಣುವುದಿಲ್ಲ. ಬಿಚ್ಚಿ ಅಲ್ಟ್ರಾಸಾನಿಕ್ ಪರೀಕ್ಷೆ ಮಾಡಿದ ದಾಖಲೆ ಇದ್ದರೆ ಮಾತ್ರ 3 ಕೊಡಿ.

ಬೆಲ್ಟ್‌ಮನುಷ್ಯ:
ಬೆಲ್ಟ್‌ನ ತೀವ್ರತೆ 5 ಅನ್ನುವುದನ್ನೂ ನಾನು ಒಪ್ಪುವುದಿಲ್ಲ. ಬೆಲ್ಟ್ ಸರಿದು ಸುಮ್ನೆ ನಿಂತರೆ ಉತ್ಪಾದನೆ ನಷ್ಟ, ಅಷ್ಟೇ. ಅದೇ ಬೆಲ್ಟ್ ಫ್ರೇಮಿಗೆ ಉಜ್ಜುತ್ತಾ ಓಡಿದರೆ ಬೆಂಕಿ, ಅದೂ ತಾಜಾ ಗಾಳಿ ಒಳಗೆ ಬರುವ ದಾರಿಯಲ್ಲೇ ಹತ್ತಿಕೊಂಡರೆ ಹೊಗೆ ನೇರವಾಗಿ ಕೆಲಸಗಾರರ ಕಡೆಗೇ ಹೋಗುತ್ತದೆ. 1950ರಲ್ಲಿ ಇಂಗ್ಲೆಂಡಿನ ಕ್ರೆಸ್‌ವೆಲ್ ಗಣಿಯಲ್ಲಿ ಹರಿದ ಬೆಲ್ಟ್ ಟ್ರಾನ್ಸ್‌ಫರ್ ಪಾಯಿಂಟ್‌ನಲ್ಲಿ (ಒಂದು ಬೆಲ್ಟ್‌ನಿಂದ ಇನ್ನೊಂದಕ್ಕೆ ಮಾಲು ಬೀಳುವ ಜಾಗ) ಸಿಕ್ಕಿಕೊಂಡು, ಉಜ್ಜಿ ಬಿಸಿಯಾಗಿ ಬೆಂಕಿ ಹತ್ತಿತು, 80 ಜನ ಸತ್ತರು. ಹೆಚ್ಚಿನವರನ್ನು ಕೊಂದದ್ದು ಕಾರ್ಬನ್ ಮಾನಾಕ್ಸೈಡ್. 'ನಿಲ್ಲುವುದು', 'ಉರಿಯುವುದು' ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ.

ಲೆಕ್ಕದವ:
ನಿಲುಗಡೆ ಲೆಕ್ಕಕ್ಕೆ ಎಫ್‌ಎಂಇಎ ಬೇಕಾಗಿಯೇ ಇಲ್ಲ. ಒಂದರ ಹಿಂದೆ ಒಂದು 5 ಬೆಲ್ಟ್, ಪ್ರತಿಯೊಂದೂ 95% ಸಮಯ ಓಡುತ್ತದೆ ಅಂದುಕೊಳ್ಳಿ. ಒಂದರ ಕೆಡುಕಿಗೂ ಇನ್ನೊಂದಕ್ಕೂ ಸಂಬಂಧ ಇಲ್ಲದಿದ್ದರೆ ಇಡೀ ಸಾಲು ಓಡುವುದು ಸುಮಾರು 77% ಮಾತ್ರ. ಮಧ್ಯೆ ಒಂದು ಬಂಕರ್ (ಮಾಲನ್ನು ತಾತ್ಕಾಲಿಕವಾಗಿ ತುಂಬಿಡುವ ತೊಟ್ಟಿ) ಇದ್ದರೆ ಚಿಕ್ಕಪುಟ್ಟ ನಿಲುಗಡೆಗಳನ್ನು ಅದೇ ನುಂಗಿಬಿಡುತ್ತದೆ.

ಹೊಸಇಂಜಿನಿಯರ್:
ನಿರ್ವಹಣೆಯವರನ್ನು ಕೇಳಿದೆ. ಬ್ರೇಕ್ ರಾಡನ್ನು ಕಣ್ಣಲ್ಲಿ ನೋಡುವುದು ಬಿಟ್ಟರೆ ಬೇರೆ ಪರೀಕ್ಷೆ ಇಲ್ಲವಂತೆ. ಪತ್ತೆಗೆ 9 ಹಾಕಿದರೂ 90 ಬರುತ್ತದೆ. ಈಗಲೂ ಬೆಲ್ಟ್‌ಗಿಂತ ಕೆಳಗೇ ಇದೆ!

ಹಳೇವೈಂಡರ್:
ಗುಣಿಸಿದರೆ ಹಾಗೇ ಆಗುವುದು. ಆ ಅಂಕಗಳು ಮೇಲೆ-ಕೆಳಗೆ ಅಂತ ಹೇಳುವ ದರ್ಜೆಗಳು, ಅಳತೆಗಳಲ್ಲ. ತೀವ್ರತೆ 9, 10 ಇರುವವನ್ನೆಲ್ಲ ಬೇರೆ ಪಟ್ಟಿಗೆ ತೆಗೆಯಿರಿ, ಗುಣಲಬ್ಧ ಎಷ್ಟೇ ಇರಲಿ. ಒಂದೊಂದಕ್ಕೂ ಫಾಲ್ಟ್ ಟ್ರೀ (ಯಾವ ಯಾವ ಕೆಡುಕು ಸೇರಿದರೆ ಆ ಅಪಘಾತ ಆಗುತ್ತದೆ ಅಂತ ತೋರಿಸುವ ಚಿತ್ರ) ಬರೆಯಿರಿ. ರಾಡ್ ಒಂದೇ ಮುರಿದರೆ ಹಗ್ಗ ಸುತ್ತುವ ಡ್ರಮ್ ಹಿಡಿಯಲು ಇನ್ನೇನಿದೆ ಅಂತ ನೋಡಿ. ಏನೂ ಇಲ್ಲದಿದ್ದರೆ ಅಂಕ ತಿದ್ದುತ್ತಾ ಕೂರಬೇಡಿ, ಸ್ವತಂತ್ರವಾದ ಎರಡನೇ ಬ್ರೇಕ್ ಕೇಳಿ. ಅಲ್ಲಿಯವರೆಗೆ ಆ ರಾಡನ್ನು ಬಿಚ್ಚಿ ಪರೀಕ್ಷೆ ಮಾಡಿಸದೆ ಕೇಜ್‌ನಲ್ಲಿ ಜನ ಇಳಿಸಬಾರದು.