ಪದಚರ್ಚೆ: ಶಿಶುವಿಹಾರದಲ್ಲಿ ‘ರೇಸ್’ಗೆ ಯಾವ ಮಾತು?

ಪ್ರಶ್ನೆ: ಅಮೆರಿಕದ ಪ್ರೀಸ್ಕೂಲ್‌ಗಳಲ್ಲಿ 3ರಿಂದ 5 ವರ್ಷದ ಮಕ್ಕಳಿಗೆ ಹೇಳಿಕೊಡುವ ‘ಆಂಟಿ ಬಯಾಸ್’ (ಪೂರ್ವಗ್ರಹ ಬಿಡಿಸುವ) ಪಾಠಗಳನ್ನು ಅಲ್ಲಿನ ಕನ್ನಡ ತಂದೆತಾಯಂದಿರಿಗಾಗಿ ಕನ್ನಡಿಸುತ್ತಿದ್ದೇವೆ. ‘ರೇಸ್’ (ಮೈಬಣ್ಣ, ಚಹರೆ ನೋಡಿ ಜನರನ್ನು ವಿಂಗಡಿಸುವುದು), ‘ಎಥ್ನಿಕ್’ (ಯಾವ ನಾಡು, ನುಡಿ, ಸಂಸ್ಕೃತಿಯ ಹಿನ್ನೆಲೆಯವರು ಎಂಬುದು) ಎರಡಕ್ಕೂ ‘ಜನಾಂಗ’ ಎಂದೇ ಬಳಸಬಹುದೇ?

ಉತ್ತರ: ಎರಡಕ್ಕೂ ಬೇಡ. ‘ಹಿಂದುಳಿದ ಜನಾಂಗ’, ‘ಬುಡಕಟ್ಟು ಜನಾಂಗ’ ಎನ್ನುವ ರೂಢಿಯಿರುವುದರಿಂದ ನಮ್ಮ ಓದುಗರಿಗೆ ‘ಜನಾಂಗ’ ಎಂದರೆ ಮೊದಲು ಹೊಳೆಯುವುದು ಜಾತಿ. ಸಂವಿಧಾನದ 15ನೇ ವಿಧಿ ರೇಸನ್ನೂ ಜಾತಿಯನ್ನೂ ಬೇರೆಬೇರೆಯಾಗಿಯೇ ಹೆಸರಿಸುತ್ತದೆ. ಅನುವಾದದಲ್ಲೂ ಆ ಗೆರೆ ಉಳಿಯಬೇಕು. ದೊಡ್ಡವರ ಪಠ್ಯದಲ್ಲಿ ರೇಸ್‌ಗೆ ‘ಜನಾಂಗ’ ಇಟ್ಟುಕೊಂಡು, ಮೊದಲ ಸಲ ಬಂದಾಗಲೇ ‘ಇಲ್ಲಿ ಜಾತಿಯ ಅರ್ಥವಲ್ಲ’ ಎಂದು ಬರೆಯಿರಿ. ಎಥ್ನಿಕ್‌ಗೆ ‘ಮೂಲ’ ಸಲೀಸು: ಮೆಕ್ಸಿಕೊ ಮೂಲದವರು, ಚೀನಾ ಮೂಲದವರು. ಬಯಾಸ್‌ಗೆ ‘ಪೂರ್ವಗ್ರಹ’. ‘ವರ್ಣ’ ಒಂಟಿಯಾಗಿ ಬಂದರೆ ಚಾತುರ್ವರ್ಣ್ಯದ ಕಡೆಗೆ ಎಳೆಯುತ್ತದೆ, ಆದರೆ ‘ವರ್ಣಭೇದ’ ಪತ್ರಿಕೆಗಳಲ್ಲಿ ಬೇರೂರಿದ ಪದ, ಧಾರಾಳವಾಗಿ ಬಳಸಿ.

ಮಕ್ಕಳ ಮುಂದೆ ಈ ಯಾವ ನಾಮಪದವೂ ಬೇಡ. ಅವರಿಗೆ ಬೇಕಾದದ್ದು ಮೈಬಣ್ಣ, ಕೂದಲು, ಮನೆಮಾತು, ಊಟ. ತೊಡಕಿರುವುದು ನಮ್ಮ ದಿನಬಳಕೆಯ ಮಾತಿನಲ್ಲೇ. ‘ಕಪ್ಪಗಿದ್ರೂ ಲಕ್ಷಣವಾಗಿದ್ದಾಳೆ’ ಎನ್ನುವಾಗ ಪೂರ್ವಗ್ರಹವೆಲ್ಲ ಕೂತಿರುವುದು ಆ ‘ರೂ’ ಪ್ರತ್ಯಯದಲ್ಲಿ. ‘ಕಪ್ಪಗಿದ್ದಾಳೆ, ಲಕ್ಷಣವಾಗಿದ್ದಾಳೆ’ ಎಂದು ಎರಡು ಮಾತಾಗಿ ಬಿಡಿಸಿ ನೋಡಿ, ವಿಷ ಇಳಿಯುತ್ತದೆ. ‘ಕರಿಯ’ ಬೈಗುಳವೇ ಆಗಿಬಿಟ್ಟಿದೆ. ‘ಕಪ್ಪು ಮೈಬಣ್ಣದ ಹುಡುಗ’ ಎನ್ನಿ. ಮಕ್ಕಳು ಇದನ್ನೆಲ್ಲ ಬೇಗ ಹಿಡಿಯುತ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಕೆನೆತ್ ಮತ್ತು ಮೇಮೀ ಕ್ಲಾರ್ಕ್ ದಂಪತಿ 1940ರ ದಶಕದಲ್ಲಿ 3ರಿಂದ 7 ವರ್ಷದ ಕಪ್ಪು ಮಕ್ಕಳ ಮುಂದೆ ಬಣ್ಣವೊಂದು ಬಿಟ್ಟರೆ ಉಳಿದೆಲ್ಲದರಲ್ಲೂ ಒಂದೇ ಥರ ಇದ್ದ ಗೊಂಬೆಗಳನ್ನಿಟ್ಟು ‘ಒಳ್ಳೇ ಗೊಂಬೆ ಯಾವುದು’ ಎಂದು ಕೇಳಿದಾಗ, ಹೆಚ್ಚಿನವರು ಬಿಳಿಯದನ್ನೇ ತೋರಿಸಿದ್ದರು.

‘ಮೈಬಣ್ಣದ ಕ್ರೇಯಾನ್’ ಎಂಬ ಮಾತನ್ನೂ ಕೈಬಿಡಿ. ಕ್ರೇಯಾನ್ ತಯಾರಿಸುವ ಕ್ರೇಯೋಲಾದವರೇ 1962ರಲ್ಲಿ, ಬಿಳಿಯರ ಮೈಬಣ್ಣದಂಥ ಕ್ರೇಯಾನ್‌ಗಿದ್ದ ‘ಫ್ಲೆಶ್’ (ಮೈಬಣ್ಣ) ಎಂಬ ಹೆಸರು ತೆಗೆದು ‘ಪೀಚ್’ ಎಂದಿಟ್ಟರು. ಅದರ ಬದಲು ಪ್ರತಿ ಮಗುವಿಗೂ ತನ್ನ ಕೈಯ ಬಣ್ಣ ತಾನೇ ಕಲಸಲು ಬಿಡಿ: ಒಂದು ಚಮಚ ಕಂದು ಪೇಂಟ್, ಅದಕ್ಕೆ ಬಿಳಿ, ಹಳದಿ, ಕೆಂಪು ಹನಿಹನಿಯಾಗಿ. ತೀರಾ ಬೆಳ್ಳಗಿರುವ ಮಗು ಬಿಳಿಯಿಂದ ಶುರುಮಾಡಿ ಕಂದನ್ನು ಹನಿಸಲಿ, ಇಲ್ಲದಿದ್ದರೆ ಬಟ್ಟಲು ತುಂಬಿದರೂ ಬಣ್ಣ ಹೊಂದುವುದಿಲ್ಲ. ಗಾಢ ಮಾಡಲೆಂದು ಕಪ್ಪು ಸುರಿದರೆ ಬೂದಿಬಣ್ಣವಾಗಿ ಮಗು ಮುಖ ಸಣ್ಣ ಮಾಡಿಕೊಳ್ಳುತ್ತದೆ. ಕಡ್ಡಿಯ ತುದಿಯಲ್ಲಿ ನೀಲಿ ಮುಟ್ಟಿಸಿದರೆ ಸಾಕು. ಹೆಸರಿಡುವಾಗ ಬೆಳ್ಳಗಿನದಕ್ಕೆ ಬೆಣ್ಣೆ, ಕಪ್ಪಿಗೆ ಮಸಿ ಎಂದಾಗದಂತೆ ನೋಡಿಕೊಳ್ಳಿ. ಹುಣಸೆಬೀಜ, ನೇರಳೆ, ಬೆಲ್ಲ, ಕಾಫಿಬೀಜ ಎಲ್ಲವೂ ಇವೆ.

‘ಅವಳ ಕೈ ಕೊಳೆನಾ?’ ಎಂದು ಮಗು ಕೇಳಿದರೆ ‘ಶ್, ಸುಮ್ನಿರು’ ಎನ್ನಬೇಡಿ, ಅದು ನಾಚಿಕೆಯ ವಿಷಯ ಎಂದೇ ಮಗು ತಿಳಿಯುತ್ತದೆ. ‘ಇಲ್ಲ, ಅದು ಅವಳ ಮೈಬಣ್ಣ. ಕೊಳೆ ತೊಳೆದ್ರೆ ಹೋಗುತ್ತೆ, ಬಣ್ಣ ಹೋಗಲ್ಲ. ನಿಂದೂ ಹಾಗೇ’ ಎಂದರೆ ಸಾಕು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಡೆ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಕ್ಕಳಿರುವ ಅಂಗನವಾಡಿಗಳಿಗೂ ಇದೇ ಮಾತು ಒದಗುತ್ತದೆ. ಅಲ್ಲಿ ಕೂದಲಿನ ವಿಷಯ ಬಂದಾಗ ‘ಗುಂಗುರು’ ಎನ್ನಿ, ‘ಸಿಕ್ಕು’ ಎನ್ನಬೇಡಿ.