ಸಹಾಯ ಬೇಕು: ರೋಟರಿ ಟೂಲ್ ಸ್ಟ್ಯಾಂಡ್‌ನಲ್ಲಿ ಸಣ್ಣ ತೂತು ಓರೆಯಾಗುತ್ತಿದೆ

ನಮಸ್ಕಾರ. ರೋಟರಿ ಟೂಲನ್ನು (ವೇಗವಾಗಿ ತಿರುಗುವ ಚಿಕ್ಕ ಕೈಯಂತ್ರ) ಕಂಬವಿರುವ ಸ್ಟ್ಯಾಂಡ್‌ಗೆ ಸಿಕ್ಕಿಸಿ, ಲಿವರ್ ಒತ್ತಿ ಕೆಳಗಿಳಿಸಿ ಕೊರೆಯುತ್ತಿದ್ದೇನೆ. 12 ಮಿ.ಮೀ. ದಪ್ಪದ ಬೀಟೆ ಪಟ್ಟಿಗೆ ಹಿತ್ತಾಳೆ ಪಿನ್ ಕೂರಿಸಲು 1.5 ಮಿ.ಮೀ. ತೂತು ಬೇಕು. ಮೇಲೆ ಗುರುತಿಗೆ ಸರಿಯಾಗಿ ಇಳಿಯುವ ಬಿಟ್, ಕೆಳಗೆ ಅರ್ಧ ಮಿ.ಮೀ. ಮುಂದಕ್ಕೆ ಸರಿದು ಹೊರಬರುತ್ತಿದೆ.

ಬಿಟ್ ಹಿಡಿಯುವ ಚಕ್‌ನಲ್ಲಿ ಅದರ ತುದಿ ತೊನೆಯುತ್ತಿದ್ದರಿಂದ, ಬದಲಿಗೆ ಕಾಲೆಟ್ (ಬಿಟ್ಟನ್ನು ಸುತ್ತಲೂ ಬಿಗಿಯಾಗಿ ಹಿಡಿಯುವ ಸೀಳು ಕೊಳವೆ) ಹಾಕಿದ್ದೇನೆ. ಬಿಟ್ ಹೊರಗೆ 16 ಮಿ.ಮೀ. ಅಷ್ಟೇ ಇದೆ. ದಬ್ಬಳದಿಂದ ಕುಳಿ ಮಾಡಿಕೊಂಡು, ಅಡಿಯಲ್ಲಿ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ತುಂಡು ಇಟ್ಟು, ಕನಿಷ್ಠ ವೇಗದಲ್ಲೇ ಕೊರೆಯುತ್ತೇನೆ. ಪ್ರತಿ 2 ಮಿ.ಮೀ.ಗೆ ಬಿಟ್ ಮೇಲೆತ್ತಿ ಪುಡಿ ತೆಗೆಯುತ್ತೇನೆ. ಇಲ್ಲದಿದ್ದರೆ ಬೀಟೆಯಂಥ ಗಟ್ಟಿ ಮರದಲ್ಲಿ ಪುಡಿ ಸಿಕ್ಕಿಕೊಂಡು ಸುಟ್ಟ ವಾಸನೆ ಬರುತ್ತದೆ, ಬಿಟ್ ಕೂಡ ಮುರಿಯುತ್ತದೆ.

ಸ್ಟ್ಯಾಂಡ್ ಪರೀಕ್ಷೆಗೆ ಕಾಲೆಟ್‌ಗೆ ಬಾಗಿಸಿದ ತಂತಿ ಸಿಕ್ಕಿಸಿ, ತುದಿ 50 ಮಿ.ಮೀ. ದೂರದಲ್ಲಿ ಸುತ್ತುವಂತೆ ಕೈಯಲ್ಲಿ ತಿರುಗಿಸಿದೆ (ಪ್ಲಗ್ ತೆಗೆದು!). ತುದಿಗೂ ಅಡಿಪಟ್ಟಿಗೂ ನಡುವಿನ ಅಂತರ ಎಡಬಲ ಸಮ. ಹಿಂದೆಮುಂದೆ ಮಾತ್ರ, ಅಂದರೆ 100 ಮಿ.ಮೀ. ಅಗಲಕ್ಕೆ, 1 ಮಿ.ಮೀ. ವ್ಯತ್ಯಾಸ. ಆದರೆ ಈ ಓರೆಗೆ 12 ಮಿ.ಮೀ. ಆಳದಲ್ಲಿ 0.12 ಮಿ.ಮೀ. ಸರಿಯಬೇಕೇ ಹೊರತು ಅರ್ಧ ಅಲ್ಲ. ಲಿವರ್ ಒತ್ತಿದಾಗ ಕಂಬದ ಮೇಲೆ ಜಾರುವ ಪ್ಲಾಸ್ಟಿಕ್ ಭಾಗ ವಾಲುತ್ತದೆ, ನನ್ನ ಅನುಮಾನ ಅದರ ಮೇಲೆಯೇ.

ಕಂಬಕ್ಕೂ ಆ ಭಾಗಕ್ಕೂ ನಡುವೆ ಟೆಫ್ಲಾನ್ ಹಾಳೆ ಕೊಟ್ಟು ಬಿಗಿ ಮಾಡಿದವರು ಇದ್ದೀರಾ? ಎಷ್ಟು ದಪ್ಪದ್ದು, ಸುಲಭವಾಗಿ ಜಾರುತ್ತದೆಯೇ? ಅಥವಾ ಟೂಲನ್ನು ಕದಲದಂತೆ ಬಿಗಿದು, ಕೆಳಗಿನಿಂದ ಮರವನ್ನೇ ಎತ್ತುವ ಜಿಗ್ ಮಾಡುವುದು ಮೇಲೋ? ಎರಡೂ ಕಡೆಯಿಂದ ಕೊರೆಯುವ ದಾರಿ ಬೇಡ, ನಡುವೆ ಮೆಟ್ಟಿಲು ಬಂದು ಪಿನ್ ಸಿಕ್ಕಿಕೊಳ್ಳುತ್ತದೆ. ಅಳತೆ ಸಮೇತ ತಿಳಿಸಿದರೆ ತುಂಬ ಉಪಕಾರ.