‘ಎಸ್ಕ್ವೈರ್’ ಅಂದ್ರೆ ರಾಣಿ ಕೊಟ್ಟ ಬಿರುದಾ? ಹಳೆ ಕಾಗದಗಳ ಗುಂಪಿನ ಪ್ರಶ್ನೋತ್ತರ

ಅಡ್ಮಿನ್: ಹಳೆ ಇಂಗ್ಲಿಷ್ ಕಾಗದಗಳಲ್ಲಿ ಹೆಸರಿನ ಕೊನೆಗೆ ಬರುವ ‘ಎಸ್ಕ್ವೈರ್’ ಬಗ್ಗೆ ಈ ವಾರ ಕೇಳಿ. ದಾಖಲೆ ಸಂಗ್ರಹಾಲಯದಲ್ಲಿ ಕೆಲಸ ಮಾಡಿ ನಿವೃತ್ತರಾದ ಮೇಡಂ ಉತ್ತರಿಸುತ್ತಾರೆ. ಫೋಟೊ ಹಾಕುವಾಗ ಸರ್ವೆ ನಂಬರ್ ಮುಚ್ಚಿ.

ಮಡಿಕೇರಿಯ ಸದಸ್ಯರು: ನಮಸ್ಕಾರ ಮೇಡಂ. ಮನೆಯ ಪೆಟ್ಟಿಗೆಯಲ್ಲಿ 1880ರ ದಶಕದ ಕಾಫಿ ತೋಟದ ಕ್ರಯಪತ್ರ ಸಿಕ್ಕಿದೆ. ಮಾರಿದ ದೊರೆಯ ಹೆಸರಿನ ಕೊನೆಗೆ ‘ಎಸ್ಕ್ವೈರ್’ ಇದೆ. ಕೊಂಡವರು ನಮ್ಮ ಮುತ್ತಜ್ಜ. ಅವರ ಹೆಸರಿಗೆ ಇಲ್ಲ. ಆದರೆ ಅದಾಗಿ ಇಪ್ಪತ್ತು ವರ್ಷದ ಮೇಲಿನ ಇನ್ನೊಂದು ಕಾಗದದಲ್ಲಿ ಅವರ ಹೆಸರಿಗೂ ಇದೆ. ರಾಣಿ ಬಿರುದು ಕೊಟ್ಟಿದ್ದಳು ಅಂತ ಅಜ್ಜಿ ಹೇಳುತ್ತಿದ್ದರು. ನಿಜವಾ?

ಮೇಡಂ: ನಿಮಗೆ ಉದ್ದಕ್ಕೇ ಉತ್ತರಿಸುತ್ತೇನೆ. ಒಬ್ಬರೇ ಮನುಷ್ಯ, ಎರಡು ಕಾಗದ, ಎರಡು ಥರದ ಬರವಣಿಗೆ. ಇಂಥ ಜೋಡಿ ಸುಲಭಕ್ಕೆ ಸಿಗುವುದಿಲ್ಲ.

ಮೊದಲು ಇದರ ಹುಟ್ಟು. ಲ್ಯಾಟಿನ್‌ನಲ್ಲಿ ‘ಸ್ಕೂಟಮ್’ ಅಂದರೆ ಗುರಾಣಿ. ಗುರಾಣಿ ಹೊರುವವನ ಹೆಸರು ಹಳೆ ಫ್ರೆಂಚ್ ದಾಟಿ ಇಂಗ್ಲೆಂಡಿಗೆ ಬಂದು ‘ಎಸ್ಕ್ವೈರ್’ ಆಯಿತು. ‘ಸ್ಕ್ವೈರ್’ ಅದರದೇ ಮೊಟಕು ರೂಪ. ನೈಟ್ ಅಂದರೆ ಕವಚ ತೊಟ್ಟು ಕುದುರೆ ಮೇಲೆ ಕಾದುವ ಯೋಧ. ಅವನ ಕುದುರೆ, ಕವಚ, ಆಯುಧ ನೋಡಿಕೊಂಡು, ಮುಂದೆ ತಾನೂ ನೈಟ್ ಆಗಬೇಕಾದ ಹುಡುಗ ಇವನು. ಆದರೆ ನೈಟ್ ಆಗುವುದಕ್ಕೆ ತುಂಬಾ ಖರ್ಚಿತ್ತು. ಹೊಣೆಯೂ ಜಾಸ್ತಿ. ಹಾಗಾಗಿ ಅನುಕೂಲಸ್ಥರೇ ಎಷ್ಟೋ ಜನ ಎಸ್ಕ್ವೈರ್ ಆಗಿಯೇ ಉಳಿದರು. ಹೀಗೆ ಕೆಲಸದ ಹೆಸರು ಅಂತಸ್ತಿನ ಹೆಸರಾಯಿತು. ನೈಟ್‌ಗಿಂತ ಕೆಳಗೆ, ಜಂಟಲ್‌ಮನ್‌ಗಿಂತ ಮೇಲೆ.

ಅದು ಕಾಗದಕ್ಕೆ ಬರಲು ಮುಖ್ಯ ಕಾರಣ 1413ರ ಕಾನೂನು. ಐದನೇ ಹೆನ್ರಿಯ ಕಾಲದ್ದು. ದಾವೆ ಹೂಡುವಾಗ ಪ್ರತಿವಾದಿಯ ಅಂತಸ್ತು ಅಥವಾ ಕಸುಬು, ಜೊತೆಗೆ ಊರು ಬರೆಯಬೇಕು ಅಂತ ಅದು ಹೇಳಿತು. ಒಂದೇ ಹೆಸರಿನವರು ಹತ್ತು ಜನ ಇದ್ದರೆ ಯಾರ ಮೇಲೆ ಕೇಸು ಅಂತ ಗೊತ್ತಾಗಬೇಕಲ್ವಾ? ಕ್ರಯಪತ್ರ, ಉಯಿಲುಗಳಲ್ಲೂ ಹೀಗೆ ಬರೆಯುವುದು ರೂಢಿಯಾಯಿತು. ಗಂಡಸಿಗೆ ಎಸ್ಕ್ವೈರ್, ಜಂಟಲ್‌ಮನ್, ಯೋಮನ್ (ಸ್ವಂತ ಜಮೀನಿನ ರೈತ) ಅಂತ ಬರೆದರು. ಹೆಂಗಸಿಗೆ ಸ್ಪಿನ್‌ಸ್ಟರ್ (ಮದುವೆಯಾಗದವಳು), ವಿಧವೆ, ಇಂಥವನ ಹೆಂಡತಿ, ಇಷ್ಟೇ. ಆಸ್ತಿ ಅವಳದೇ ಆಗಿದ್ದರೂ ಅಷ್ಟೇ.

ಯಾರು ನಿಜವಾದ ಎಸ್ಕ್ವೈರ್ ಅನ್ನುವುದಕ್ಕೆ ಪಟ್ಟಿಗಳಿದ್ದವು. ನೈಟ್‌ನ ಹಿರಿಮಗ, ಅವನ ಹಿರಿಮಗ ಹೀಗೆ. 1765ರಲ್ಲಿ ಇಂಗ್ಲೆಂಡಿನ ಕಾನೂನು ಪಂಡಿತ ಬ್ಲಾಕ್‌ಸ್ಟೋನ್ ತಮ್ಮ ಕಾನೂನು ಪುಸ್ತಕದಲ್ಲಿ ಹುದ್ದೆಯಿಂದ ಎಸ್ಕ್ವೈರ್ ಆಗುವವರನ್ನೂ ಹೇಳುತ್ತಾರೆ. ಜಸ್ಟಿಸ್ ಆಫ್ ದಿ ಪೀಸ್, ಅಂದರೆ ಸ್ಥಳೀಯ ಮ್ಯಾಜಿಸ್ಟ್ರೇಟ್ ಆದವರು, ರಾಜನ ಕೈಕೆಳಗೆ ನಂಬಿಕೆಯ ಹುದ್ದೆ ಹಿಡಿದವರು. 19ನೇ ಶತಮಾನದಲ್ಲಿ ಇದೂ ಸಡಿಲವಾಯಿತು. ಮರ್ಯಾದಸ್ಥ ಅನ್ನಿಸಿದ ಯಾರಿಗೇ ಆದರೂ ಲಕೋಟೆಯ ಮೇಲೆ ಎಸ್ಕ್ವೈರ್ ಬರೆಯತೊಡಗಿದರು.

ಆದ್ದರಿಂದ ನಿಮ್ಮ ಎರಡನೇ ಕಾಗದ ಯಾವುದು ಅನ್ನುವುದೇ ಮುಖ್ಯ. ಕ್ರಯಪತ್ರವಾ, ಸರ್ಕಾರಿ ಪತ್ರವಾ, ಲಕೋಟೆಯಾ? ಹೆಸರಿನ ಮೊದಲಿಗೆ ‘ಮಿಸ್ಟರ್’ ಇದೆಯಾ ನೋಡಿ. ಸರಿಯಾಗಿ ಬರೆಯುವವರು ಎರಡನ್ನೂ ಒಟ್ಟಿಗೆ ಬರೆಯುವುದಿಲ್ಲ. ಆ ಭಾಗದ ಫೋಟೊ ಹತ್ತಿರದಿಂದ ತೆಗೆದು ಹಾಕಿ.

ಹಾಸನದ ಸದಸ್ಯರು: ಮೇಡಂ, ನಮ್ಮ ಹತ್ತಿರ ವಿಕ್ಟೋರಿಯಾ ಕಾಲದ ಛಾಪಾ ಕಾಗದ ಇದೆ. ಬೆಲೆ ಎಷ್ಟಾಗಬಹುದು?

ತುಮಕೂರಿನ ಸದಸ್ಯರು: ‘ಸರ್’ ಅಂದರೆ ‘ಸ್ಲೇವ್ ಐ ರಿಮೈನ್’, ಅಂದ್ರೆ ನಾನು ಗುಲಾಮನಾಗೇ ಇರ್ತೀನಿ ಅಂತ ಅರ್ಥ. ಬ್ರಿಟಿಷರು ನಮ್ಮ ಬಾಯಲ್ಲಿ ಹೇಳಿಸಿದ್ದು. ಎಸ್ಕ್ವೈರ್ ಕೂಡ ಹಾಗೇನಾ? ಎಲ್ಲರಿಗೂ ಫಾರ್ವರ್ಡ್ ಮಾಡಿ.

ಮೇಡಂ: ಮಾಡಬೇಡಿ. ಅದು ಸುಳ್ಳು. ‘ಸರ್’ ಬಂದದ್ದು ‘ಸೈರ್’ನಿಂದ. ಅದರ ಮೂಲ ಲ್ಯಾಟಿನ್‌ನ ‘ಸೀನಿಯರ್’, ಹಿರಿಯ ಅಂತ. ಇಂಗ್ಲಿಷರು ಭಾರತಕ್ಕೆ ಬರುವುದಕ್ಕೆ ನೂರಾರು ವರ್ಷ ಮೊದಲೇ ಇಂಗ್ಲೆಂಡಿನಲ್ಲಿ ನೈಟ್‌ಗಳನ್ನು ಸರ್ ಅನ್ನುತ್ತಿದ್ದರು.

ಡಲ್ಲಾಸ್‌ನಿಂದ ಒಬ್ಬರು: ನನ್ನ ಸೊಸೆ ಇಲ್ಲಿ ಲಾಯರ್. ಅವಳ ಕಾರ್ಡ್‌ನಲ್ಲಿ ಎಸ್ಕ್ವೈರ್ ಅಂತಿದೆ. ಹೆಂಗಸರಿಗೆ ಇಲ್ಲ ಅಂದಿರಲ್ಲ?

ಮೇಡಂ: ನಾನು ಹೇಳಿದ್ದು ಹಳೆ ಇಂಗ್ಲಿಷ್ ಪತ್ರಗಳ ಮಾತು. ಅಮೆರಿಕದಲ್ಲಿ ಅದು ವಕೀಲರ ಗುರುತು, ಗಂಡು ಹೆಣ್ಣು ಇಬ್ಬರಿಗೂ. ಅಲ್ಲಿನ ಸಂವಿಧಾನವೇ ಸರ್ಕಾರ ಕುಲೀನ ಪದವಿ ಕೊಡಬಾರದು ಅನ್ನುತ್ತದೆ. ಹಾಗಾಗಿ ಅದು ಬರೀ ರೂಢಿ.

ಮೈಸೂರಿನ ಸದಸ್ಯೆ: ಅಕ್ಕ, ನಮ್ಮ ತಂದೆ ಆನ್‌ಲೈನ್‌ನಲ್ಲಿ ಸ್ಕಾಟ್ಲೆಂಡಿನ ಒಂದು ಚದರ ಅಡಿ ಜಾಗ ಕೊಂಡರು. ‘ಲಾರ್ಡ್’ ಅಂತ ಪ್ರಮಾಣಪತ್ರ ಬಂತು. ಈಗ ಯಾರೋ ಫೋನ್ ಮಾಡಿ, ಪಾಸ್‌ಪೋರ್ಟ್‌ಗೂ ಸೇರಿಸಿಕೊಡ್ತೀವಿ, ಎಸ್ಕ್ವೈರ್ ಪದವಿ ಬೇಕಾದರೆ ಅದೂ ಸಿಗುತ್ತೆ, ಮೂವತ್ತು ಸಾವಿರ ಕಳಿಸಿ ಅಂತಿದ್ದಾರೆ. ನಾಳೆ ಕಳಿಸಬೇಕು ಅಂತ ಕೂತಿದ್ದಾರೆ.

ಮೇಡಂ: ಒಂದು ರೂಪಾಯಿಯೂ ಕಳಿಸಬಾರದು. ಇವತ್ತೇ ತಂದೆಯ ಜೊತೆ ಕೂತು ಮಾತಾಡಿ.

ಇಂಥ ತುಂಡು ಜಾಗವನ್ನು ಅಲ್ಲಿ ‘ಸುವನೀರ್ ಪ್ಲಾಟ್’ ಅನ್ನುತ್ತಾರೆ. ನೆನಪಿಗೆ ಕೊಳ್ಳುವುದು ಅಷ್ಟೇ. ಸ್ಕಾಟ್ಲೆಂಡಿನ 2012ರ ಭೂ ನೋಂದಣಿ ಕಾನೂನಿನ ಪ್ರಕಾರ ಅದನ್ನು ಭೂ ದಾಖಲೆಗೆ ಸೇರಿಸುವ ಹಾಗೇ ಇಲ್ಲ. ಅದರಿಂದ ಲಾರ್ಡ್ ಆಗುವುದೂ ಇಲ್ಲ. ಇಂಗ್ಲೆಂಡಿನಲ್ಲಿ ‘ಲಾರ್ಡ್ ಆಫ್ ದಿ ಮ್ಯಾನರ್’ ಅನ್ನುವುದನ್ನು ಮಾರಬಹುದು, ಕೊಳ್ಳಬಹುದು. ಆದರೆ ಅದು ಹಳೆ ಜಹಗೀರಿನ ಹಕ್ಕಿನ ಹೆಸರು. ಕೊಂಡವರು ತಮ್ಮ ಹೆಸರಿನ ಮೊದಲಿಗೆ ಲಾರ್ಡ್ ಹಾಕಿಕೊಳ್ಳುವ ಹಾಗಿಲ್ಲ.

ಬಿರುದಿನ ದಂಧೆ ಅಲ್ಲೂ ನಡೆದಿತ್ತು. ಅದನ್ನು ತಡೆಯಲೆಂದೇ 1925ರಲ್ಲಿ ಕಾನೂನು ಬಂತು. 1933ರಲ್ಲಿ ಮಾಂಡಿ ಗ್ರೆಗರಿ ಅನ್ನುವ ದಲ್ಲಾಳಿಗೆ ಅದರಡಿ ಶಿಕ್ಷೆಯೂ ಆಯಿತು. ಎಸ್ಕ್ವೈರ್ ಅಂತೂ ಯಾರೂ ಮಾರಬಹುದಾದ ಪದವಿಯೇ ಅಲ್ಲ.

ತಂದೆಯನ್ನು ಬೈಯಬೇಡಿ. ಮೋಸ ಮಾಡುವವರು ಕಾಯುವುದೇ ಮನೆಯವರಿಗೆ ಹೇಳಲು ನಾಚಿಕೊಳ್ಳುವ ಜನಕ್ಕೆ. ಈಗಾಗಲೇ ಕಾರ್ಡ್ ವಿವರ, ಓಟಿಪಿ ಕೊಟ್ಟಿದ್ದರೆ ಮೊದಲು ಬ್ಯಾಂಕಿಗೆ ತಿಳಿಸಿ. ಆಮೇಲೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಮಂಡ್ಯದ ಮೇಷ್ಟ್ರು: ‘ಸ್ಲೇವ್ ಐ ರಿಮೈನ್’ ಸುಳ್ಳೇ ಇರಲಿ, ಭಾವನೆ ಸರಿ ಇದೆ. 2021ರಲ್ಲಿ ಪಾಲಕ್ಕಾಡಿನ ಮಾತೂರು ಪಂಚಾಯಿತಿ ಸರ್, ಮೇಡಂ ಬೇಡ ಅಂತ ನಿರ್ಣಯ ಮಾಡಿತು. ಅವರೇನು ದಡ್ಡರಾ?

ಧಾರವಾಡದ ವಕೀಲರು: ಕಚೇರಿಗೆ ಬಂದ ಜನರಿಗೂ ಅಧಿಕಾರಿಗೂ ನಡುವೆ ಅಂತರ ಇರಬಾರದು ಅಂತ ಅವರು ಹಾಗೆ ಮಾಡಿದ್ರು. ನಿಮ್ಮ ಫಾರ್ವರ್ಡ್ ನಂಬಿ ಅಲ್ಲ. ಬಾರ್ ಕೌನ್ಸಿಲ್ ಆಫ್ ಇಂಡಿಯಾ 2006ರಲ್ಲೇ ‘ಮೈ ಲಾರ್ಡ್’ ವಸಾಹತು ಕಾಲದ್ದು, ಬೇಡ ಅಂತು. ಅದೇ ನಿಯಮದಲ್ಲಿ ಕೆಳ ನ್ಯಾಯಾಲಯದಲ್ಲಿ ‘ಸರ್’ ಅನ್ನಬಹುದು ಅಂತಿದೆ. ಗುಲಾಮಗಿರಿಯ ಮಾತಾಗಿದ್ರೆ ಅದನ್ನ ಉಳಿಸ್ತಿದ್ರಾ?

ಮಂಡ್ಯದ ಮೇಷ್ಟ್ರು: ಹಾಗಾದ್ರೆ ‘ಸರ್ ಎಂ.ವಿ.’ ಅಂತ ಇನ್ನೂ ಯಾಕೆ ಅನ್ನಬೇಕು? ಸಂವಿಧಾನದ 18ನೇ ವಿಧಿ ಬಿರುದು ತೆಗೆದಿದೆ. 1955ರಲ್ಲಿ ನಮ್ಮ ದೇಶವೇ ಭಾರತ ರತ್ನ ಕೊಟ್ಟಿದೆ. ‘ಭಾರತ ರತ್ನ ವಿಶ್ವೇಶ್ವರಯ್ಯ’ ಅನ್ನಿ.

ಧಾರವಾಡದ ವಕೀಲರು: ಅದೇ ತಪ್ಪು. ಭಾರತ ರತ್ನ, ಪದ್ಮ ಪ್ರಶಸ್ತಿಗಳನ್ನ ಹೆಸರಿಗೆ ಅಂಟಿಸಬಾರದು ಅಂತ ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿದೆ. ‘ಸರ್’ ಬಂದದ್ದು ಬ್ರಿಟಿಷರು ಕೊಟ್ಟ ನೈಟ್ ಪದವಿಯಿಂದ, 1915ರ ಕೆ.ಸಿ.ಐ.ಇ.ಯಿಂದ, ಸಂವಿಧಾನಕ್ಕಿಂತ ಮೊದಲು. ಕನ್ನಂಬಾಡಿ ನೀರಲ್ಲಿ ಬೆಳೆದ ಜಿಲ್ಲೆಯವರು ನೀವು, ಇಷ್ಟು ಹಗುರವಾಗಿ ಮಾತಾಡಬಾರದು.

ಮಂಡ್ಯದ ಮೇಷ್ಟ್ರು: ಜಿಲ್ಲೆ ಯಾಕೆ ತರ್ತೀರಿ? ಎಂ.ವಿ. ಬಗ್ಗೆ ನಿಮಗಿಂತ ಜಾಸ್ತಿ ಗೌರವ ಇದೆ ನಮಗೆ. ನನ್ನ ಪ್ರಶ್ನೆ ಬ್ರಿಟಿಷರ ಬಿರುದಿನ ಬಗ್ಗೆ. ಕೋರ್ಟಲ್ಲಿ ವಾದ ಮಾಡೋ ಹಾಗೆ ಇಲ್ಲಿ ಮಾಡಬೇಡಿ.

ಧಾರವಾಡದ ವಕೀಲರು: ಓದದೇ ಬರೆದ್ರೆ ಎಲ್ಲಿ ಬೇಕಾದ್ರೂ ವಾದ ಮಾಡ್ತೀನಿ.

ಮೇಡಂ: ಇಬ್ಬರೂ ಬೇರೆ ಕಡೆ ಮುಂದುವರಿಸಿ. ಇಲ್ಲಿ ಮೋಸಕ್ಕೆ ಸಿಕ್ಕಿದವರು ಕೇಳುತ್ತಿದ್ದಾರೆ.

ಮಂಗಳೂರಿನ ಸದಸ್ಯರು: ಯೋಮನ್ ಅಂದರೆ ಯಾರು ಮೇಡಂ?

ಬಳ್ಳಾರಿಯ ಸದಸ್ಯರು: ‘ಸರ್’ ಅಂದ್ರೆ ಗುಲಾಮ ಅಂತ ಬಂದಿದೆ, ಹೌದಾ?

ಮೇಡಂ: ಅಲ್ಲ. ಮೇಲೆ ಓದಿ.

ಮಡಿಕೇರಿಯ ಸದಸ್ಯರು: ಫೋಟೊ ಹಾಕಿದ್ದೇನೆ ಮೇಡಂ. ಅದು ಲಕೋಟೆ. ಮಂಗಳೂರಿನ ಕಾಫಿ ಕ್ಯೂರಿಂಗ್ ಕಂಪನಿಯಿಂದ ಬಂದದ್ದು. ‘ಮಿಸ್ಟರ್’ ಇಲ್ಲ. ಕೊನೆಗೆ ಪುಟ್ಟ ಅಕ್ಷರ ಮೇಲಕ್ಕೆ ಎತ್ತಿ ಬರೆದಿದ್ದಾರೆ.

ಮೇಡಂ: ನೋಡಿದೆ. ಆ ಪುಟ್ಟ ಅಕ್ಷರ ‘ಆರ್’. ಎಸ್ಕ್ವೈರ್ ಅನ್ನುವುದನ್ನು ಮೊಟಕು ಮಾಡುವ ರೀತಿ ಅದು. ಪೆನ್ನು ಎತ್ತದೆ ಅಡಿಯಲ್ಲಿ ಗೆರೆಯನ್ನೂ ಎಳೆದಿದ್ದಾರೆ. ಇದು ರಾಣಿಯ ಬಿರುದಲ್ಲ. ಬಿರುದಾಗಿದ್ದರೆ ಸನ್ನದು ಇರುತ್ತಿತ್ತು, ಗೆಜೆಟ್‌ನಲ್ಲಿ ಹೆಸರು ಬರುತ್ತಿತ್ತು. ಆದರೆ ಅಜ್ಜಿಯ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಕ್ರಯಪತ್ರದ ಗುಮಾಸ್ತ ದೊರೆಗೆ ಕೊಟ್ಟು ನಿಮ್ಮ ಮುತ್ತಜ್ಜನಿಗೆ ಕೊಡದ ಮರ್ಯಾದೆಯನ್ನು ಇಪ್ಪತ್ತು ವರ್ಷದ ಮೇಲೆ ಕಂಪನಿಯವರು ಕೊಟ್ಟಿದ್ದಾರೆ. ಕಾಫಿ ಕಳಿಸುವ ಬಿಳಿಯ ತೋಟಗಾರನಿಗೆ ಬರೆದ ಹಾಗೇ ಇವರಿಗೂ ಬರೆದಿದ್ದಾರೆ.

ನಡುವಿನ ವರ್ಷಗಳಲ್ಲಿ ಅವರು ಗೌರವ ಮ್ಯಾಜಿಸ್ಟ್ರೇಟ್ ಆಗಿದ್ದರಾ ಅಂತ ಮನೆಯಲ್ಲಿ ಕೇಳಿ. ಲಕೋಟೆಯ ಒಳಗಿನ ಪತ್ರ ಇದ್ದರೆ ಅದನ್ನೂ ಹಾಕಿ. ಮಡಿಕೆಯ ಮೇಲೆ ಟೇಪ್ ಅಂಟಿಸಬೇಡಿ.